ಎದೆನೋವಿನ ಮೊದಲ ಗಳಿಗೆ: ತಾಲ್ಲೂಕಿಗೆ ಬಂದ ಹೃದಯ ಚಿಕಿತ್ಸೆ

ಶರಣರು ಈ ಕಾಯವನ್ನು ಪ್ರಸಾದಕಾಯವೆಂದು ಭಾವಿಸಿದರು. ಕಾಯಕ ನಡೆಯಬೇಕಾದುದು ಇದರಿಂದಲೇ, ದಾಸೋಹ ಸಲ್ಲಬೇಕಾದುದೂ ಇದರಿಂದಲೇ. ಆದಕಾರಣ ಕಾಯವನ್ನು ಕಾಪಾಡಿಕೊಳ್ಳುವುದು ಭಕ್ತನ ಕರ್ತವ್ಯಗಳಲ್ಲಿ ಒಂದು. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಂತೆ ವೈದ್ಯವನ್ನೇ ಕಾಯಕ ಮಾಡಿಕೊಂಡವರೂ ಇದ್ದರು. ಆ ಕಾಯಕದ ನೆನಪಿನೊಡನೆ ಈ ತಿಂಗಳು ನಾವು ಹೃದಯಾಘಾತದ ವಿಷಯವನ್ನು, ಅದರಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿರುವ ಒಂದು ಹೊಸ ಚಿಕಿತ್ಸಾ ವ್ಯವಸ್ಥೆಯನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಪಥ್ಯ, ಋತುಚರ್ಯೆ, ಕಷಾಯಗಳ ಮಾತನ್ನು ನಿರೀಕ್ಷಿಸುವ ಓದುಗರಿಗೆ, ಆಯುರ್ವೇದದವರು ಯಂತ್ರಗಳ ಮಾತನ್ನೇಕೆ ಎತ್ತಿದರು ಎಂದೆನಿಸಬಹುದು. ಎದೆನೋವು ಬಂದಾಗ ನಮ್ಮ ಭಾಗದ ಅನೇಕ ಮನೆಗಳಲ್ಲಿ ಮೊದಲು ನೆನಪಾಗುವುದು ಓಮಿನ ಕಾಳು, ಸೋಡಾ, ಇಲ್ಲವೇ ಪರಿಚಯದ ಆಯುರ್ವೇದ ವೈದ್ಯರು. ಆದುದರಿಂದ ಈ ಮಾತನ್ನು ನಾವೇ ಹೇಳುವುದು ಉಚಿತ: ಆ ಗಳಿಗೆಯಲ್ಲಿ ನಮ್ಮ ಚಿಕಿತ್ಸಾಲಯದ ಬಾಗಿಲಿಗೆ ಬರಬೇಡಿ. ಇ.ಸಿ.ಜಿ. ಯಂತ್ರವಿರುವ ಹತ್ತಿರದ ಆಸ್ಪತ್ರೆಗೆ ಹೋಗಿರಿ. ಹಾಗೇಕೆ ಹೇಳುತ್ತೇವೆಂಬುದನ್ನು ಮುಂದೆ ವಿವರಿಸುತ್ತೇವೆ.

ಗಳಿಗೆಯ ಲೆಕ್ಕ

ಹೃದಯವು ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ದೇಹಕ್ಕೆಲ್ಲ ರಕ್ತವನ್ನು ನೂಕುವ ಈ ಅಂಗಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ಒದಗಿಸುವವು ಹೃದಯದ ಮೇಲ್ಮೈಯಲ್ಲಿ ಹಬ್ಬಿಕೊಂಡಿರುವ ಕೊರೊನರಿ ಧಮನಿಗಳು. ವರ್ಷಗಳ ಕಾಲ ಇವುಗಳ ಒಳಗೋಡೆಯಲ್ಲಿ ಕೊಬ್ಬು ಸಂಚಯವಾಗುತ್ತ ಬಂದಿರುತ್ತದೆ. ಒಂದು ದಿನ ಆ ಸಂಚಯದ ಹೊದಿಕೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಧಮನಿಯ ದಾರಿ ಮುಚ್ಚಿಹೋಗುತ್ತದೆ. ಇದೇ ಹೃದಯಾಘಾತ.

ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ನೀರು ಬರುವ ಕೊಳವೆ ಕಟ್ಟಿಕೊಂಡರೆ, ಎರಡು ದಿನ ತಡವಾದರೂ ರೈತನು ಅದನ್ನು ಸರಿಪಡಿಸಿ ಗಿಡಗಳನ್ನು ಉಳಿಸಿಕೊಳ್ಳಬಲ್ಲನು. ಹೃದಯದ ಸ್ನಾಯುವಿಗೆ ಅಷ್ಟು ಸಮಯವಿಲ್ಲ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಅದು ಸಾಯಲಾರಂಭಿಸುತ್ತದೆ. ಆರು ಗಂಟೆಗಳು ಕಳೆಯುವಷ್ಟರಲ್ಲಿ ಅಪಾಯದಲ್ಲಿದ್ದ ಭಾಗದ ಬಹುಪಾಲು ಸತ್ತಿರುತ್ತದೆ. ಸತ್ತ ಹೃದಯ ಸ್ನಾಯು ಮತ್ತೆ ಚಿಗುರುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆಯಂಥ ನಿರ್ಜೀವ ಅಂಗಾಂಶ ಉಳಿಯುತ್ತದೆ. ರೋಗಿಯು ಬದುಕಿದರೂ ಮೆಟ್ಟಿಲೇರಿದರೆ ಏದುಸಿರು, ಹೊಲಕ್ಕೆ ಹೋದರೆ ಆಯಾಸ. ಕಾಯಕಜೀವಿಗೆ ಇದು ಸಣ್ಣ ನಷ್ಟವಲ್ಲ.

ಮುಚ್ಚಿದ ದಾರಿಯನ್ನು ತೆರೆಯಲು ಎರಡು ಮಾರ್ಗಗಳಿವೆ. ಮೊದಲನೆಯದು ಆಂಜಿಯೋಪ್ಲಾಸ್ಟಿ. ಕೈಯ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಹೃದಯದವರೆಗೆ ಒಯ್ದು, ಮುಚ್ಚಿದ ಜಾಗದಲ್ಲಿ ಬಲೂನನ್ನು ಉಬ್ಬಿಸಿ, ಸ್ಟೆಂಟ್ ಎಂಬ ಜಾಲರಿಯನ್ನು ಕೂಡಿಸುವುದು. ಎರಡು ಗಂಟೆಗಳೊಳಗೆ ದೊರೆಯುವಂತಿದ್ದರೆ ಇದೇ ಶ್ರೇಷ್ಠ ಮಾರ್ಗ. ಆದರೆ ಇದಕ್ಕೆ ಕ್ಯಾಥ್ ಲ್ಯಾಬ್ ಬೇಕು, ಹೃದ್ರೋಗ ತಜ್ಞರು ಬೇಕು. ಇವು ಹೆಚ್ಚಾಗಿ ನಗರಗಳಲ್ಲಿ ಇರುವಂಥವು. ಎರಡನೆಯದು ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಕೊಡಬಹುದು. ನೋವು ಆರಂಭವಾದ ಮೊದಲ ಮೂರು ಗಂಟೆಗಳಲ್ಲಿ ಇದರ ಫಲ ಅತ್ಯಧಿಕ. ಗಂಟೆಗಳು ಸರಿದಂತೆ ಫಲವೂ ಇಳಿಯುತ್ತ ಹೋಗಿ, 12 ಗಂಟೆಗಳು ದಾಟಿದ ಮೇಲೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ದೂರವನ್ನು ಗೆದ್ದ ದಾರಿ

ಹೃದಯದ ಪ್ರತಿ ಮಿಡಿತದೊಡನೆ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಅದನ್ನು ಸ್ಪಷ್ಟ ರೇಖೆಯಾಗಿ ಬರೆಯುವ ಯಂತ್ರವನ್ನು 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದವರು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿ ವಿಲೆಮ್ ಐಂಥೋವನ್. ಅವರ ಮೊದಲ ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐದು ಜನ ಬೇಕಾಗುತ್ತಿತ್ತು. ಅಷ್ಟು ಭಾರದ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ, ಆಸ್ಪತ್ರೆಯಲ್ಲಿ ಮಲಗಿದ ರೋಗಿಯನ್ನು ಪ್ರಯೋಗಾಲಯಕ್ಕೆ ಕರೆತರುವುದೂ ಕಷ್ಟವಾಗಿತ್ತು. 1905ರಲ್ಲಿ ಅವರು ದೂರವಾಣಿಯ ತಂತಿಯನ್ನು ಬಳಸಿ, ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ವಿದ್ಯುತ್ತನ್ನು ತಮ್ಮ ಪ್ರಯೋಗಾಲಯದಲ್ಲಿ ಬರೆದುಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ದೂರದ ರೋಗಿಯ ಹೃದಯವನ್ನು ತಜ್ಞನು ಇದ್ದಲ್ಲಿಂದಲೇ ನೋಡುವ ವಿಚಾರಕ್ಕೆ, ಹೀಗೆ, ನೂರು ವರ್ಷಗಳಿಗಿಂತ ಹೆಚ್ಚಿನ ವಯಸ್ಸಿದೆ.

ನಮ್ಮ ನಾಡಿನಲ್ಲಿ ಈ ವಿಚಾರ ಕಾರ್ಯರೂಪಕ್ಕೆ ಬಂದುದು 2002ರಲ್ಲಿ. ಇಸ್ರೋ ಸಂಸ್ಥೆಯ ಉಪಗ್ರಹದ ಸಹಾಯದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲಾಯಿತು. 2018ರಿಂದ ಈಚೆಗೆ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿನ ವೈದ್ಯರು ವಾಟ್ಸಾಪ್ ಮೂಲಕ ಕಳುಹಿಸಿದ ಇ.ಸಿ.ಜಿ.ಗಳನ್ನು ತಜ್ಞರು ಕೂಡಲೇ ನೋಡಿ ಸಲಹೆ ನೀಡುವ ಏರ್ಪಾಟನ್ನು ಬೆಳೆಸಿದರು. ಉಪಗ್ರಹ ಮಾಡಿದ ಕೆಲಸವನ್ನು 16 ವರ್ಷಗಳ ತರುವಾಯ ಪ್ರತಿಯೊಬ್ಬರ ಜೇಬಿನ ಮೊಬೈಲು ಮಾಡತೊಡಗಿತು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡೇ ಮರುಗಿತು. ರಾಜ್ಯ ಸರ್ಕಾರವು 2023ರಲ್ಲಿ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ಕೈಗೊಂಡಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಹೃದ್ರೋಗ ಚಿಕಿತ್ಸೆಯ ದೊಡ್ಡ ಕೇಂದ್ರಗಳೊಡನೆ ಜೋಡಿಸುವುದು ಇದರ ತಿರುಳು. ಬಂಡಿಯ ಗಾಲಿಯನ್ನು ನೆನೆದರೆ ವ್ಯವಸ್ಥೆ ಸುಲಭವಾಗಿ ಅರ್ಥವಾಗುತ್ತದೆ: ನಡುವಿನ ಗುಂಬದಂತೆ ದೊಡ್ಡ ಆಸ್ಪತ್ರೆ, ಸುತ್ತಲಿನ ಅರೆಕಾಲುಗಳಂತೆ ಸಣ್ಣ ಆಸ್ಪತ್ರೆಗಳು. ಜಯದೇವ ಹೃದ್ರೋಗ ಸಂಸ್ಥೆಯ ಬೆಂಗಳೂರು, ಮೈಸೂರು ಮತ್ತು ಕಲಬುರಗಿ ಆಸ್ಪತ್ರೆಗಳು ಅಂಥ ನಡುವಿನ ಕೇಂದ್ರಗಳಾಗಿವೆ.

ಜಯದೇವ ಎಂಬ ಹೆಸರು ಚಿತ್ರದುರ್ಗದ ಮುರುಘರಾಜೇಂದ್ರ ಮಠದ ಜಯದೇವ ಜಗದ್ಗುರುಗಳದು. ಮಠದ ಭಕ್ತರಿಗೆ ಇದು ಸಂತೋಷದ ಸಂಗತಿ. ಕಲಬುರಗಿಯಲ್ಲಿ ಈ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್ 22ರಂದು ಉದ್ಘಾಟನೆಗೊಂಡಿತು. ಹಾಸಿಗೆಗಳ ಆ ಸಂಖ್ಯೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ನೀಡಿದ ಸಂವಿಧಾನದ 371 (ಜೆ) ವಿಧಿಯನ್ನು ನೆನಪಿಸುತ್ತದೆ. ಒಂದು ಕಾಲಕ್ಕೆ ಈ ಭಾಗದ ಹೃದ್ರೋಗಿಗಳು 100 ಕಿಲೋಮೀಟರ್ ಮೀರಿದ ಸೊಲ್ಲಾಪುರಕ್ಕೋ, 200 ಕಿಲೋಮೀಟರ್ ಮೀರಿದ ಹೈದರಾಬಾದಿಗೋ, ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗಬೇಕಾಗಿತ್ತು. ನಮ್ಮ ಕೋಟನೂರದವರಿಗೆ ಈಗ ಆ ಚಿಕಿತ್ಸೆ ನಗರದೊಳಗೇ ಇದೆ. ಆದರೆ ಕಮಲಾಪುರವು ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್ ದೂರ. ಅಲ್ಲಿಂದಾಚೆಯ ಒಳಹಳ್ಳಿಗಳಿಗೆ ಇನ್ನೂ ಹೆಚ್ಚು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದ ರೈತನಿಗೆ ಆ ದೂರವೇ ಮೃತ್ಯುವಾಗಬಲ್ಲದು. ಹೊಸ ವ್ಯವಸ್ಥೆ ಇರುವುದು ಅಂಥವರಿಗಾಗಿ.

ಆಸ್ಪತ್ರೆಯೊಳಗೆ ನಡೆಯುವುದೇನು

ಎದೆನೋವಿನ ರೋಗಿ ಬಂದ 10 ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ವೈದ್ಯಲೋಕದ ನಿಯಮ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ಎಂದು ತಂತಿಗಳನ್ನು ಜೋಡಿಸಿ, ಹೃದಯದ ವಿದ್ಯುತ್ತನ್ನು 12 ದಿಕ್ಕುಗಳಿಂದ ನೋಡುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ದೊಡ್ಡ ಧಮನಿಯೊಂದು ಪೂರ್ತಿ ಮುಚ್ಚಿಕೊಂಡಾಗ ರೇಖೆಯ ಒಂದು ಭಾಗ ತನ್ನ ಮಟ್ಟ ಬಿಟ್ಟು ಮೇಲೇಳುತ್ತದೆ. ಈ ಬಗೆಯ ಹೃದಯಾಘಾತಕ್ಕೆ ವೈದ್ಯರು ‘ಸ್ಟೆಮಿ’ ಎನ್ನುತ್ತಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಉಪಯೋಗವಾಗುವುದು ಈ ಬಗೆಗೇ.

ಆ ರೇಖೆಯನ್ನು ತಪ್ಪಿಲ್ಲದೆ ಓದುವುದು ಅನುಭವದ ವಿದ್ಯೆ. ತಾಲ್ಲೂಕಿನ ರಾತ್ರಿ ಪಾಳಿಯ ವೈದ್ಯರು ಹೃದ್ರೋಗ ತಜ್ಞರಾಗಿರುವುದಿಲ್ಲ. ಇಲ್ಲಿ ಕೃತಕ ಬುದ್ಧಿಮತ್ತೆ ನೆರವಿಗೆ ಬರುತ್ತದೆ. ಕಂಪ್ಯೂಟರಿಗೆ ಮೊದಲೇ ಅಪಾರ ಸಂಖ್ಯೆಯ ಇ.ಸಿ.ಜಿ.ಗಳನ್ನು, ತಜ್ಞರು ಅವುಗಳ ಬಗ್ಗೆ ಕೊಟ್ಟ ತೀರ್ಪಿನೊಡನೆ ಉಣಿಸಿರುತ್ತಾರೆ. ನಾಡಿ ನೋಡುವ ವೈದ್ಯನು ಸಾವಿರಾರು ಕೈಗಳನ್ನು ಹಿಡಿದು ಹಿಡಿದು ನಾಡಿಯ ಗತಿಯನ್ನು ಗುರುತಿಸಲು ಕಲಿಯುವಂತೆ, ಯಂತ್ರವೂ ನೋಡಿ ನೋಡಿ ರೇಖೆಗಳ ಗತಿಯನ್ನು ಗುರುತಿಸಲು ಕಲಿತಿರುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಇ.ಸಿ.ಜಿ. ಹೋದ ಕೆಲವೇ ನಿಮಿಷಗಳಲ್ಲಿ ಅದು ‘ಇದು ಅಪಾಯಕಾರಿ’ ಎಂದು ಮುಂದಕ್ಕೆ ತಂದು ನಿಲ್ಲಿಸುತ್ತದೆ. ನಡುವಿನ ಕೇಂದ್ರದ ತಜ್ಞರು ನೋಡಿ ಮಾರ್ಗದರ್ಶನ ಮಾಡುತ್ತಾರೆ.

ಅನಂತರ ಕೊಡುವ ಚುಚ್ಚುಮದ್ದಿನ ಹೆಸರು ಟೆನೆಕ್ಟೆಪ್ಲೇಸ್. ನಮ್ಮ ರಕ್ತನಾಳಗಳ ಒಳಪದರವೇ ಹೆಪ್ಪನ್ನು ಕರಗಿಸುವ ಒಂದು ವಸ್ತುವನ್ನು ಸ್ವಲ್ಪ ಪ್ರಮಾಣದಲ್ಲಿ ಸ್ರವಿಸುತ್ತದೆ. ಅದನ್ನು ವಂಶವಾಹಿ ತಂತ್ರಜ್ಞಾನದಿಂದ ತುಸು ಮಾರ್ಪಡಿಸಿ, ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುವಂತೆ ಮಾಡಿದ ರೂಪವೇ ಈ ಔಷಧಿ. ಹಿಂದಿನ ಸ್ಟ್ರೆಪ್ಟೊಕೈನೇಸ್ ಎಂಬ ಔಷಧಿಯನ್ನು ಒಂದು ಗಂಟೆಯವರೆಗೆ ಹನಿಹನಿಯಾಗಿ ಏರಿಸಬೇಕಾಗಿತ್ತು. ಇದನ್ನು ರೋಗಿಯ ತೂಕಕ್ಕೆ ತಕ್ಕಂತೆ ಲೆಕ್ಕಹಾಕಿ ಕೆಲವೇ ಸೆಕೆಂಡುಗಳಲ್ಲಿ ಒಂದೇ ಬಾರಿ ಕೊಡಬಹುದು. ಮಾರುಕಟ್ಟೆಯಲ್ಲಿ ಸಾವಿರಾರು ರೂಪಾಯಿ ಬೆಲೆಯ ಈ ಔಷಧಿಯನ್ನು ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಚುಚ್ಚುಮದ್ದಿನ ತರುವಾಯ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ನೋವು ಕಡಿಮೆಯಾಯಿತೆಂದು ಮನೆಗೆ ಮರಳುವಂತಿಲ್ಲ; ಧಮನಿ ಪೂರ್ತಿ ತೆರೆದಿದೆಯೇ ಎಂಬುದನ್ನು ಆಂಜಿಯೋಗ್ರಾಂ ಮಾಡಿಯೇ ನೋಡಬೇಕು.

ಈ ಔಷಧಿ ಹೃದಯದ ಹೆಪ್ಪನ್ನು ಮಾತ್ರ ಹುಡುಕಿ ಕರಗಿಸುವುದಿಲ್ಲ, ರಕ್ತಸ್ರಾವವನ್ನೂ ಉಂಟುಮಾಡಬಲ್ಲದು. ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ, ಹೊಟ್ಟೆಯಲ್ಲಿ ರಕ್ತ ಒಸರುತ್ತಿರುವವರಿಗೆ ಇದನ್ನು ಕೊಡುವಂತಿಲ್ಲ. ಆದುದರಿಂದ ಜೊತೆಗೆ ಬಂದವರು ರೋಗಿಯ ಹಿಂದಿನ ಕಾಯಿಲೆಗಳನ್ನೂ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ, ಆಯುರ್ವೇದದ ಔಷಧಿಗಳನ್ನೂ ಒಳಗೊಂಡು, ಮುಚ್ಚಿಡದೆ ಹೇಳಬೇಕು.

ಯಂತ್ರದ ಮಿತಿ

ಹೃದಯಾಘಾತದ ಆರಂಭದಲ್ಲಿ ಇ.ಸಿ.ಜಿ. ಕೆಲವೊಮ್ಮೆ ಸಹಜವಾಗಿಯೇ ಕಾಣುತ್ತದೆ. ಆಗ ಕೆಲವು ನಿಮಿಷಗಳ ಬಳಿಕ ಮತ್ತೆ ತೆಗೆಯಬೇಕು, ರಕ್ತದಲ್ಲಿ ಟ್ರೋಪೋನಿನ್ ಎಂಬ ಅಂಶವನ್ನು ಪರೀಕ್ಷಿಸಬೇಕು. ‘ಇ.ಸಿ.ಜಿ. ಚೆನ್ನಾಗಿದೆ, ನಡೆಯಿರಿ’ ಎಂದು ರೋಗಿಯನ್ನು ಎಬ್ಬಿಸಿಕೊಂಡು ಬರುವ ಆತುರ ಸಲ್ಲದು. ತಂತಿಯನ್ನು ಜಾಗ ತಪ್ಪಿ ಅಂಟಿಸಿದರೆ ಯಂತ್ರವೂ ತಪ್ಪಾಗಿ ಓದುತ್ತದೆ. ರೋಗಿಯ ಮುಖ ಬಿಳಿಚಿಕೊಂಡಿದೆ, ಮೈ ಬೆವರಿದೆ ಎಂಬುದನ್ನು ಅದು ಕಾಣದು. ಕೊನೆಯ ನಿರ್ಧಾರ ವೈದ್ಯರದೇ.

ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುವ ಮಕ್ಕಳು ತಂದೆತಾಯಿಗಳಿಗೆ ಹೃದಯ ಬಡಿತ ತೋರಿಸುವ ಗಡಿಯಾರವನ್ನು ತಂದುಕೊಡುವುದು ಈಗ ರೂಢಿಯಾಗಿದೆ. ಬಡಿತದ ಏರುಪೇರನ್ನು ತಿಳಿಯಲು ಅದು ಉಪಯುಕ್ತ. ಆದರೆ ಆಸ್ಪತ್ರೆಯ ಯಂತ್ರ 12 ದಿಕ್ಕುಗಳಿಂದ ನೋಡುವುದನ್ನು ಗಡಿಯಾರವು ಒಂದೇ ದಿಕ್ಕಿನಿಂದ ನೋಡುತ್ತದೆ. ಅದರಿಂದ ಹೃದಯಾಘಾತವನ್ನು ಪತ್ತೆ ಮಾಡಲಾಗದು. ಗಡಿಯಾರ ಸುಮ್ಮನಿದೆಯೆಂದು ಎದೆನೋವನ್ನು ಕಡೆಗಣಿಸಬಾರದು.

ಅತಿಯಾದ ಭಯವೂ ಬೇಡ. 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಆರೋಗ್ಯವಂತರೂ ಬಂದು ಸಾಲುಗಟ್ಟಿದರು. ತಜ್ಞರ ಸಮಿತಿ ಪರಿಶೀಲಿಸಿ, ಹೃದಯಾಘಾತಗಳಲ್ಲಿ ಅಸಹಜ ಏರಿಕೆ ಕಂಡಿಲ್ಲವೆಂದು ತಿಳಿಸಿತು. ಭಯದಿಂದ ಗುಂಪುಗೂಡಿದರೆ ನಿಜವಾದ ರೋಗಿಯ ಸರದಿಯೇ ಹಿಂದೆ ಬೀಳುತ್ತದೆ.

ಆಯುರ್ವೇದ ಏನು ಹೇಳುತ್ತದೆ

ಹೊಸ ಯಂತ್ರಗಳನ್ನು ಒಪ್ಪುವುದು ನಮ್ಮ ಶಾಸ್ತ್ರಕ್ಕೆ ವಿರುದ್ಧವೆಂದು ಕೆಲವರು ಭಾವಿಸುತ್ತಾರೆ. ನಾಡಿ ಪರೀಕ್ಷೆಯನ್ನೇ ನೋಡೋಣ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅದರ ವಿವರಣೆಯಿಲ್ಲ. ಎಷ್ಟೋ ಶತಮಾನಗಳ ಬಳಿಕ ಶಾರ್ಙ್ಗಧರ ಸಂಹಿತೆಯಲ್ಲಿ ಅದು ಕಾಣಿಸಿಕೊಂಡಿತು. ಇಂದು ಆಯುರ್ವೇದದ ಗುರುತೇ ಆಗಿರುವ ವಿಧಾನವು ತನ್ನ ಕಾಲದಲ್ಲಿ ಹೊಸತೇ ಆಗಿತ್ತು. ಉಪಯುಕ್ತವೆಂದು ಕಂಡುದನ್ನು ಹಿಂದಿನ ವೈದ್ಯರು ಸ್ವೀಕರಿಸಿದರು.

ಹೃದಯದ ಬೆಲೆಯನ್ನು ನಮ್ಮ ಆಚಾರ್ಯರು ಚೆನ್ನಾಗಿ ಅರಿತಿದ್ದರು. ಚರಕರು ಶಿರಸ್ಸು, ಹೃದಯ, ಬಸ್ತಿಗಳನ್ನು ಮೂರು ಮಹಾಮರ್ಮಗಳೆಂದು ಕರೆದರು. ಸುಶ್ರುತರು ಹೃದಯವನ್ನು ಸದ್ಯಃಪ್ರಾಣಹರ, ಅಂದರೆ ಪೆಟ್ಟು ಬಿದ್ದರೆ ಬೇಗನೆ ಪ್ರಾಣ ತೆಗೆಯುವ ಮರ್ಮಗಳಲ್ಲಿ ಸೇರಿಸಿದರು. ಗುಲ್ಮರೋಗದ ಚಿಕಿತ್ಸೆಯನ್ನು ಹೇಳುವಾಗ ಚರಕರು, ಗುಲ್ಮ ಪಕ್ವವಾದ ಮೇಲೆ ಅಧಿಕಾರ ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರದೆಂದು ಸ್ಪಷ್ಟವಾಗಿ ಬಿಟ್ಟುಕೊಡುತ್ತಾರೆ. ತನ್ನ ಕೈಯಳತೆಗೆ ಮೀರಿದುದನ್ನು ಬಲ್ಲವರ ಕೈಗೊಪ್ಪಿಸುವುದು ವೈದ್ಯಧರ್ಮವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಮುಚ್ಚಿದ ಧಮನಿಯನ್ನು ಗಂಟೆಯೊಳಗೆ ತೆರೆಯುವ ಕಷಾಯ, ಭಸ್ಮ, ಲೇಹ್ಯ ಯಾವುದೂ ನಮ್ಮಲ್ಲಿ ಇಲ್ಲ. ಇದೆಯೆಂದು ಹೇಳುವವರ ಮಾತನ್ನು ನಂಬಬೇಡಿ.

ನಮ್ಮ ಕೆಲಸ ಇರುವುದು ಹೃದಯಾಘಾತಕ್ಕೆ ಮೊದಲು ಮತ್ತು ಅದು ಶಮನವಾದ ಬಳಿಕ. ತಂಬಾಕು, ಬೀಡಿ, ಗುಟಕಾ ಬಿಡಿಸುವುದು, ಆಹಾರ, ನಿದ್ರೆ, ವ್ಯಾಯಾಮಗಳನ್ನು ಕ್ರಮಕ್ಕೆ ತರುವುದು ಆಯುರ್ವೇದದ ಬಲ. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯಗಳ ನಮ್ಮ ಊಟ ಒಳ್ಳೆಯದೇ. ಅದರ ಬದಿಯಲ್ಲಿ ಬರುವ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿಗಳು ಉಪ್ಪನ್ನೂ ಎಣ್ಣೆಯನ್ನೂ ಮಿತಿಮೀರಿಸುತ್ತವೆ. ಹೊಳೆಮತ್ತಿಯ ತೊಗಟೆಯನ್ನು, ಅಂದರೆ ಅರ್ಜುನವನ್ನು ಹೃದಯಕ್ಕೆ ಹಿತವೆಂದು ಶಾಸ್ತ್ರ ಹೇಳಿದೆ. ಆದರೆ ಹೃದ್ರೋಗ ತಜ್ಞರು ಬರೆದುಕೊಟ್ಟ ಮಾತ್ರೆಗಳನ್ನು ನಿಲ್ಲಿಸಿ ಅದನ್ನು ಕುಡಿಯುವುದು ಅಪಾಯ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವೇ ಬಿಟ್ಟರೆ ಸ್ಟೆಂಟ್‌ನೊಳಗೇ ಹೆಪ್ಪುಗಟ್ಟಬಹುದು. ಯಾವುದನ್ನು ಸೇರಿಸುವುದಿದ್ದರೂ ಇಬ್ಬರು ವೈದ್ಯರಿಗೂ ತಿಳಿಸಿ ಸೇರಿಸಬೇಕು. 30 ವರ್ಷ ದಾಟಿದವರೆಲ್ಲ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. 2024ರಲ್ಲಿ ರಾಜ್ಯದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯ ಸಿಬ್ಬಂದಿ ಮನೆಗೆ ಬಂದಾಗ ‘ನಮಗೇನೂ ಆಗಿಲ್ಲ’ ಎಂದು ಹಿಂದಕ್ಕೆ ಕಳುಹಿಸಬಾರದು.

ಮನೆಯವರು ಮಾಡಬೇಕಾದುದು

ಯಂತ್ರವು ತಾಲ್ಲೂಕು ಆಸ್ಪತ್ರೆಯಿಂದ ತಜ್ಞರವರೆಗಿನ ದೂರವನ್ನು ನಿಮಿಷಗಳಿಗೆ ಇಳಿಸಿತು. ಮನೆಯಿಂದ ತಾಲ್ಲೂಕು ಆಸ್ಪತ್ರೆಯವರೆಗಿನ ದೂರವನ್ನು ಇಳಿಸಬೇಕಾದವರು ಮನೆಯವರು. ಆ ದಾರಿಯಲ್ಲಿ ಹೆಚ್ಚು ಹೊತ್ತು ನುಂಗುವುದು ಒಂದೇ ಮಾತು: ‘ಗ್ಯಾಸ್ ಆಗ್ಯಾದ, ಸೋಡಾ ಕುಡದ್ರ ಹೋಗ್ತದ.’ ಸೋಡಾ ಕುಡಿದು ಒಂದು ಗಂಟೆ, ಓಮು ತಿಂದು ಒಂದು ಗಂಟೆ, ಬೆಳಗಾಗಲೆಂದು ನಾಲ್ಕು ಗಂಟೆ. ಚುಚ್ಚುಮದ್ದಿನ ಅತ್ಯುತ್ತಮ ಸಮಯವೆಲ್ಲ ಹಾಸಿಗೆಯ ಮೇಲೆಯೇ ಕಳೆದುಹೋಗುತ್ತದೆ.

ಎದೆಯ ನಡುವೆ ಭಾರವಿಟ್ಟಂತೆ, ಹಿಂಡಿದಂತೆ ನೋವು; ಅದು ಎಡಗೈಗೆ, ಭುಜಕ್ಕೆ, ದವಡೆಗೆ, ಬೆನ್ನಿಗೆ ಹರಡುವುದು; ತಣ್ಣನೆಯ ಬೆವರು, ಏದುಸಿರು, ವಾಕರಿಕೆ: ಇವು ಮುಖ್ಯ ಲಕ್ಷಣಗಳು. ಸ್ತ್ರೀಯರಲ್ಲಿ, ಮಧುಮೇಹಿಗಳಲ್ಲಿ, ವೃದ್ಧರಲ್ಲಿ ಎದೆನೋವು ಅಷ್ಟಾಗಿ ಕಾಣದೆ, ಹಠಾತ್ ಸುಸ್ತು, ಉಸಿರುಕಟ್ಟುವಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟವಷ್ಟೇ ಇರಬಹುದು. ಮನೆಯ ತಾಯಂದಿರು ಎಲ್ಲರಿಗೂ ಊಟ ಬಡಿಸಿ, ಪಾತ್ರೆ ತೊಳೆದು, ಆಮೇಲೆ ತಮ್ಮ ನೋವನ್ನು ಹೇಳುವವರು. ಅವರ ಮಾತನ್ನು ಮೊದಲ ಬಾರಿಗೇ ಕೇಳಿಸಿಕೊಳ್ಳಬೇಕು. ಗ್ಯಾಸೋ ಹೃದಯವೋ ಎಂಬ ಪ್ರಶ್ನೆಯನ್ನು ಇ.ಸಿ.ಜಿ. ತೀರ್ಮಾನಿಸಲಿ. ಗ್ಯಾಸೇ ಆಗಿದ್ದರೆ ನಷ್ಟವಾದುದು ಒಂದು ರಾತ್ರಿಯ ನಿದ್ರೆ ಮಾತ್ರ.

ರೋಗಿಯನ್ನು ನಡೆಸಬಾರದು, ವಾಹನ ಓಡಿಸಲು ಬಿಡಬಾರದು. ಅರೆ ಒರಗಿದಂತೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕೂಡಲೇ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವುದು ತಡವಾಗುವುದಾದರೆ ಊರಿನ ಕಾರು, ಜೀಪು, ಟಂಟಂ ಯಾವುದಾದರೂ ಸರಿ. ಬೈಕಿನ ನಡುವೆ ಕೂರಿಸಿಕೊಂಡು ಹೋಗುವುದು ಮಾತ್ರ ಬೇಡ. ನಾಲಗೆಯ ಕೆಳಗಿಡುವ ಮಾತ್ರೆಯನ್ನು ಪಕ್ಕದ ಮನೆಯವರು ಕೊಟ್ಟರೆಂದು ಇಡಬಾರದು. ರಕ್ತದೊತ್ತಡ ಕುಸಿದಿದ್ದರೆ ಅದೇ ಅಪಾಯ ತರುತ್ತದೆ. ಯಾವ ಮಾತ್ರೆಯನ್ನಾದರೂ ವೈದ್ಯರನ್ನು ಕೇಳಿಯೇ ಕೊಡಬೇಕು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಂಬ ವಾಟ್ಸಾಪ್ ಸಂದೇಶ ಸುಳ್ಳು. ಆಧಾರ್, ರೇಷನ್ ಕಾರ್ಡುಗಳನ್ನು ಹುಡುಕುತ್ತ ನಿಲ್ಲದೆ ರೋಗಿಯನ್ನು ಮೊದಲು ಕಳುಹಿಸಿ, ಕಾಗದಗಳನ್ನು ಹಿಂದಿನಿಂದ ಒಯ್ಯಬಹುದು.

ಕುಸಿದು ಬಿದ್ದವರು ಕರೆದರೆ ಮಾತಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಅದು ಹೃದಯಸ್ತಂಭನ. ಅಲ್ಲಿ ಗಂಟೆಗಳ ಲೆಕ್ಕವಿಲ್ಲ, ನಿಮಿಷಗಳದೇ ಲೆಕ್ಕ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಲೇ ಇರಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಎ.ಇ.ಡಿ. ಎಂಬ ಸಣ್ಣ ಪೆಟ್ಟಿಗೆಗಳನ್ನು ಇಡುವುದೂ ಹೃದಯ ಜ್ಯೋತಿಯ ಉದ್ದೇಶಗಳಲ್ಲಿ ಒಂದು. ಅದನ್ನು ತೆರೆದರೆ ಏನು ಮಾಡಬೇಕೆಂದು ಅದೇ ಹೇಳುತ್ತ ಹೋಗುತ್ತದೆ; ಹೃದಯದ ಗತಿಯನ್ನು ನೋಡಿ, ಅಗತ್ಯವಿದ್ದರೆ ಮಾತ್ರ ವಿದ್ಯುತ್ ಆಘಾತ ಕೊಡುತ್ತದೆ.

ಜಾತ್ರೆ, ರಥೋತ್ಸವಗಳಲ್ಲಿ ಸಾವಿರಾರು ಭಕ್ತರು ಬಿಸಿಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ವೃದ್ಧರು ಬಹಳ. ದಾಸೋಹದಲ್ಲಿ ಸೇವೆ ಮಾಡುವ ತರುಣರಲ್ಲಿ ಇಪ್ಪತ್ತು ಮಂದಿಯಾದರೂ ಎದೆಯೊತ್ತುವ ಈ ವಿದ್ಯೆಯನ್ನು ಕಲಿತಿರಲೆಂದು, ಶ್ರೀಮಠದ ಆವರಣದಲ್ಲಿ ಅಂಥ ಒಂದು ಪೆಟ್ಟಿಗೆ ಇರಲೆಂದು ನಾವು ಶ್ರೀಗಳವರಲ್ಲಿ ಭಿನ್ನವಿಸುತ್ತೇವೆ. ಅನ್ನ ದಾಸೋಹ, ಜ್ಞಾನ ದಾಸೋಹಗಳಂತೆ ಇದೂ ಒಂದು ದಾಸೋಹವೇ.

ಈ ಸಂಚಿಕೆಯನ್ನು ಓದಿ ಮುಗಿಸಿದ ವಾರದೊಳಗೆ ಪ್ರತಿಯೊಂದು ಮನೆಯವರೂ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಹಗಲು ಹೊತ್ತಿನಲ್ಲಿ, ಯಾವ ಆತುರವೂ ಇಲ್ಲದಾಗ, ನಿಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಿರಿ: ರಾತ್ರಿ ಹೊತ್ತು ಇಲ್ಲಿ ಇ.ಸಿ.ಜಿ. ತೆಗೆಯುವಿರಾ? ಹೃದಯ ಜ್ಯೋತಿಯ ಚುಚ್ಚುಮದ್ದು ಇಲ್ಲಿ ದೊರೆಯುವುದೇ? ಇಲ್ಲದಿದ್ದರೆ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದು? ಉತ್ತರವನ್ನು ದೊಡ್ಡ ಅಕ್ಷರಗಳಲ್ಲಿ ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗೆ 108 ಎಂದೂ, ರಾತ್ರಿ ಕರೆದರೆ ಬರುವ ಊರಿನ ವಾಹನದವರ ಫೋನ್ ನಂಬರನ್ನೂ ಬರೆದು, ಬಾಗಿಲ ಹಿಂದೆ ಅಂಟಿಸಿರಿ. ಮನೆಯ ಮಕ್ಕಳಿಗೂ ಅದನ್ನು ತೋರಿಸಿರಿ. ರಾತ್ರಿ ಎರಡು ಗಂಟೆಗೆ ಹಿರಿಯರು ಎದೆ ಹಿಡಿದುಕೊಂಡು ಕುಳಿತಾಗ, ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಆಗ ಯಾರನ್ನೂ ತಡೆದು ನಿಲ್ಲಿಸದಿರಲಿ.

ಸರ್ವರಿಗೂ ಆರೋಗ್ಯವಾಗಲಿ. ಶರಣು ಶರಣಾರ್ಥಿ.